ಬಡೇಸೋಪು ನಮ್ಮ ಹಿತ್ತಲಲ್ಲಿ ಬೆಳೆಯುತ್ತದೆಯೇ?

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಕೂಡಲೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಿತ್ತಲುಗಳಲ್ಲಿ ಬಿತ್ತನೆ ಶುರುವಾಗುತ್ತದೆ. ಬೆಂಡೆ, ಮೊಗೆಕಾಯಿ, ಹೀರೆ, ಹರಿವೆ. ಈಚೆಗೆ ಇವುಗಳ ಜೊತೆಗೇ ಅಡುಗೆಮನೆ ಡಬ್ಬಿಯಿಂದ ಒಂದು ಚಿಟಿಕೆ ಬಡೇಸೋಪನ್ನೂ ಮಣ್ಣಿಗೆ ಹಾಕಿ ನೋಡುವವರು ಜಾಸ್ತಿಯಾಗಿದ್ದಾರೆ. ಕಾಳು ಹುಟ್ಟುತ್ತದೆ. ಕೂದಲೆಳೆಯಂಥ ಹಸಿರು ಎಲೆ ಬರುತ್ತದೆ. ಮನೆಯವರಿಗೆಲ್ಲ ಖುಷಿ. ಆಷಾಢ ಮುಗಿಯುವುದರೊಳಗೆ ಬುಡ ಕೊಳೆತು ಗಿಡ ಮಲಗಿಬಿಡುತ್ತದೆ. 'ಇದು ನಮ್ಮ ಊರಿಗೆ ಆಗಿಬರುವ ಗಿಡ ಅಲ್ಲ' ಎಂದು ಅಲ್ಲಿಗೇ ಕೈಬಿಡುತ್ತಾರೆ.

ಆಗಿಬರುತ್ತದೆ. ಬಿತ್ತಿದ ತಿಂಗಳು ತಪ್ಪಿದೆ, ಅಷ್ಟೆ. ನಾವೂ ಶಿರಸಿಯ ಮನೆಯಲ್ಲಿ ಎರಡು ಮಳೆಗಾಲ ಹೀಗೇ ಕಳೆದುಕೊಂಡೆವು. ಮೂರನೆಯ ಸಲ ದೀಪಾವಳಿಗೆ ಬಿತ್ತಿದಾಗ ಗಿಡ ಆಳೆತ್ತರ ಬೆಳೆಯಿತು. ಈ ಗಿಡದ ಸ್ವಭಾವ ಏನು, ಕಾರವಾರ ಮತ್ತು ಅಂಕೋಲೆಯ ಕಡೆ ಹೇಗೆ ಬೆಳೆಸಬೇಕು, ಘಟ್ಟದ ಮೇಲೆ ಹೇಗೆ ಎಂದು ಬುಡದಿಂದಲೇ ನೋಡೋಣ.

ಮೊದಲು ಹೆಸರು ಸರಿಮಾಡಿಕೊಳ್ಳೋಣ

ನಮ್ಮ ಕಡೆ ಬಡೇಸೋಪು. ಬೆಂಗಳೂರು, ಮೈಸೂರಿನ ಕಡೆ ಸೋಂಪು. ಕಾರವಾರದಲ್ಲಿ ಕೊಂಕಣಿ, ಮರಾಠಿ ಮಾತಾಡುವವರ ಮನೆಯಲ್ಲಿ ಬಡಿಶೇಪ. ಇವೆಲ್ಲ ಒಂದೇ ಕಾಳು. ಮರಾಠಿಯಲ್ಲಿ ಶೇಪು ಎಂದರೆ ಸಬ್ಬಸಿಗೆ ಸೊಪ್ಪು, ಬಡಿ ಎಂದರೆ ದೊಡ್ಡದು. ಅಂದರೆ 'ದೊಡ್ಡ ಸಬ್ಬಸಿಗೆ'. ಹೆಸರಿಟ್ಟವರು ಚೆನ್ನಾಗಿಯೇ ನೋಡಿದ್ದಾರೆ. ಎರಡೂ ಗಿಡಗಳ ಎಲೆ ಅಷ್ಟೊಂದು ಒಂದೇ ಥರ. ಗುರುತು ಹಿಡಿಯಲು ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದರೆ ಸಾಕು. ಹೋಟೆಲಿನಲ್ಲಿ ಊಟ ಮುಗಿಸಿ ಬಾಯಿಗೆ ಹಾಕಿಕೊಳ್ಳುವ ಕಾಳಿನ ಪರಿಮಳ ಬಂದರೆ ಅದು ಬಡೇಸೋಪು.

ಕೊತ್ತಂಬರಿ, ಜೀರಿಗೆ, ಓಂಕಾಳು, ಸಬ್ಬಸಿಗೆ, ಗಜ್ಜರಿ ಎಲ್ಲ ಇದರ ದಾಯಾದಿಗಳು. ಹೂವು ನೋಡಿದರೆ ಸಂಬಂಧ ತಿಳಿಯುತ್ತದೆ. ಎಲ್ಲದರದೂ ಬಿಚ್ಚಿದ ಕೊಡೆಯಂಥ ಹೂಗೊಂಚಲು. ಕೊತ್ತಂಬರಿ ಬೆಳೆಸಿ ಗೊತ್ತಿದ್ದವರಿಗೆ ಬಡೇಸೋಪಿನ ಅರ್ಧ ಪಾಠ ಮುಗಿದ ಹಾಗೆ.

ಒಂದು ಗೊಂದಲ ಮಾತ್ರ ಉಳಿಯುತ್ತದೆ. ಪಲಾವಿಗೆ ಹಾಕುವ ಚಕ್ರಮೊಗ್ಗಿಗೂ ಇದೇ ಪರಿಮಳ ಇದೆಯಲ್ಲ? ಅದು ಚೀನಾ, ವಿಯೆಟ್ನಾಂ ಕಡೆಯ ಮರದ ಕಾಯಿ. ಬಡೇಸೋಪಿಗೆ ನೆಂಟಸ್ತಿಕೆ ಇಲ್ಲ. ಆದರೆ ಎರಡರ ಎಣ್ಣೆಯಲ್ಲೂ ಅನೆಥೋಲ್ ಎಂಬ ಒಂದೇ ಪದಾರ್ಥ ಇದೆ. ಆ ಸಿಹಿ ವಾಸನೆ ಅದರದ್ದು. ಅನೆಥೋಲ್ ಸಕ್ಕರೆಗಿಂತಲೂ ಹೆಚ್ಚು ಸಿಹಿ. ಸಕ್ಕರೆ ಹಚ್ಚದ ಕಾಳೂ ಜಗಿದಾಗ ಸಿಹಿ ಅನ್ನಿಸುವುದು ಇದಕ್ಕೇ.

ಇದರ ತವರಿನಲ್ಲಿ ಮಳೆ ಯಾವಾಗ ಬರುತ್ತದೆ?

ಬಡೇಸೋಪಿನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. ಗ್ರೀಸ್, ಇಟಲಿ, ಅದರ ಆಸುಪಾಸು. ಮ್ಯಾರಥಾನ್ ಓಟ ಕೇಳಿದ್ದೀರಿ. ಆ ಓಟಕ್ಕೆ ಹೆಸರು ಕೊಟ್ಟ ಗ್ರೀಸಿನ ಬಯಲಿಗೆ ಬಡೇಸೋಪಿನಿಂದಲೇ ಆ ಹೆಸರು ಬಂತು ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಮ್ಯಾರಥಾನ್ ಎಂದರೆ ಈ ಗಿಡವೇ.

ಅದೂ ಸಮುದ್ರ ತೀರ, ನಮ್ಮದೂ ಸಮುದ್ರ ತೀರ. ಹಾಗಾದರೆ ಇಲ್ಲೇಕೆ ಸಾಯುತ್ತದೆ? ಮಳೆ ಬರುವ ಕಾಲ ತಿರುವುಮುರುವು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಹದವಾಗಿ. ಬೇಸಿಗೆ ಪೂರ್ತಿ ಒಣ. ಗಿಡ ತಂಪಿನಲ್ಲಿ ಎಲೆ ಬೆಳೆಸುತ್ತದೆ, ಒಣ ಬಿಸಿಲಿನಲ್ಲಿ ಕಾಳು ಮಾಗಿಸುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಬಿದ್ದ ನೀರೆಲ್ಲ ಹರಿಯದೆ ನಿಂತರೆ ನಮ್ಮ ಮನೆಯ ಬಾಗಿಲು ಮುಳುಗಿ ಇನ್ನೂ ಮೇಲೆ ಹೋಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಮಣ್ಣಿನ ಸಂದಿಯಲ್ಲಿ ಗಾಳಿಯೇ ಉಳಿಯುವುದಿಲ್ಲ, ಬರೀ ನೀರು. ಬೇರಿಗೂ ಉಸಿರಾಟ ಬೇಕು. ಭತ್ತಕ್ಕೆ ದಂಟಿನೊಳಗಿಂದ ಬೇರಿಗೆ ಗಾಳಿ ಇಳಿಸುವ ಕೊಳವೆಗಳಿವೆ. ಬಡೇಸೋಪಿಗೆ ಅಂಥ ಏರ್ಪಾಡಿಲ್ಲ. ಬೇರು ಉಸಿರುಗಟ್ಟುತ್ತದೆ, ಮೇಲಿಂದ ಬೂಸು ಹತ್ತುತ್ತದೆ, ಬುಡ ಕೊಳೆಯುತ್ತದೆ.

ಭಾರತದಲ್ಲಿ ಬಡೇಸೋಪು ಹೆಚ್ಚಾಗಿ ಬೆಳೆಯುವುದು ಗುಜರಾತ್ ಮತ್ತು ರಾಜಸ್ಥಾನದಲ್ಲಿ. ಗುಜರಾತಿನ ಉಂಝಾ ಪೇಟೆ ಜೀರಿಗೆಗೆ ಹೆಸರಾದಂತೆ ಬಡೇಸೋಪಿಗೂ ಹೆಸರಾಗಿದೆ. ಅಲ್ಲಿ ಗಾಳಿ ಒಣ, ಚಳಿ ಚೆನ್ನಾಗಿದೆ, ನೀರನ್ನು ಲೆಕ್ಕ ಹಾಕಿ ಕೊಡುತ್ತಾರೆ. ನಾವು ಮಾಡಬೇಕಾದ್ದೂ ಇಷ್ಟೇ. ಮಳೆ ಮತ್ತು ಮಳೆಯ ನಡುವಿನ ಸಂದಿನಲ್ಲಿ ಗಿಡದ ಪೂರ್ತಿ ಬದುಕನ್ನು ಕೂರಿಸಬೇಕು.

ಆ ಸಂದಿನ ಲೆಕ್ಕ

ಬಿತ್ತಿದಂದಿನಿಂದ ಕಾಳು ಮಾಗುವವರೆಗೆ ಬಡೇಸೋಪಿಗೆ ಸುಮಾರು 150ರಿಂದ 180 ದಿನ ಬೇಕು. ನಮಗೆ ಸಿಗುವ ಒಣ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಬಿತ್ತುವ ದಿನ ಇಷ್ಟು ಮುಖ್ಯ.

ದೀಪಾವಳಿಯಿಂದ ತುಳಸಿ ಮದುವೆಯವರೆಗಿನ ದಿನಗಳು ಬಿತ್ತಲು ಸರಿಯಾದ ಹೊತ್ತು. ಕುಮಟಾದ ಕಡೆ ಮಳೆ ಮುಗಿದ ಮೇಲೆ ಸಿಹಿ ಈರುಳ್ಳಿಯ ಕೆಲಸ ಹಿಡಿಯುತ್ತಾರೆ, ಅಂಕೋಲೆಯ ಗದ್ದೆಗಳಲ್ಲಿ ಹಾಲಕ್ಕಿ ಹೆಂಗಸರು ತರಕಾರಿ ಮಡಿ ಮಾಡುತ್ತಾರೆ. ಬಡೇಸೋಪೂ ಅದೇ ಸಾಲಿಗೆ ಸೇರಬೇಕಾದ ಬೆಳೆ. ಆಗ ಬಿತ್ತಿದರೆ ಸಂಕ್ರಾಂತಿ ಹೊತ್ತಿಗೆ ಎಲೆ ಚೆನ್ನಾಗಿ ತುಂಬಿರುತ್ತದೆ. ಫೆಬ್ರವರಿಯಲ್ಲಿ ಹೂವು, ಯುಗಾದಿಯ ಆಚೀಚೆ ಕಾಳು. ಏಪ್ರಿಲ್ ಕೊನೆಗೆ ಗುಡುಗು ಮಳೆ ಶುರುವಾಗುವುದರೊಳಗೆ ಕೊಯ್ಲು ಮುಗಿಯಬೇಕು.

ಇಲ್ಲಿ ಘಟ್ಟದ ಮೇಲಕ್ಕೂ ಕೆಳಗೂ ಒಂದು ವ್ಯತ್ಯಾಸ ಇದೆ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬಡೇಸೋಪಿಗೆ ಇದು ಹಬ್ಬ. ಆದರೆ ಬೇಸಿಗೆಯ ಗುಡುಗು ಮಳೆ ಘಟ್ಟದ ಮೇಲೆ ಬೇಗ ಬಂದುಬಿಡುತ್ತದೆ. ಕಾರವಾರದಲ್ಲಿ ಮೇ ಕೊನೆಯವರೆಗೂ ಒಣ ದಿನಗಳು ಸಿಗಬಹುದು. ಆದರೆ ಅಲ್ಲಿ ಚಳಿಗಾಲದಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ, ಜೊತೆಗೆ ಬೆವರಿಳಿಸುವ ತೇವ. ಸೆಕೆ ಜಾಸ್ತಿಯಾದಾಗ ಹೂವು ಉದುರುತ್ತದೆ, ಕಾಳು ಜೊಳ್ಳಾಗುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಕಾಳಿಗಾಗಿ ಧೈರ್ಯವಾಗಿ ಬೆಳೆಸಬಹುದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಎಲೆಗಾಗಿ ಬೆಳೆಸಲಿ. ಕಾಳು ಸಿಕ್ಕಿದರೆ ಅದು ಮೇಲಿನ ಲಾಭ. ಎಲೆ ಅಂತೂ ಖಂಡಿತ ಸಿಗುತ್ತದೆ.

ಗಡ್ಡೆಯ ಜಾತಿ ಬೇರೆ

ಆನ್‌ಲೈನಿನಲ್ಲಿ ಬೀಜ ತರಿಸುವವರು ಇದನ್ನು ಗಮನಿಸಬೇಕು. ಫ್ಲಾರೆನ್ಸ್ ಫೆನಲ್ ಎಂಬ ಹೆಸರಿನ ಪೊಟ್ಟಣ ಬಂದರೆ ಅದು ಇಟಲಿಯ ತರಕಾರಿ ಜಾತಿ. ಬುಡದಲ್ಲಿ ಬಿಳಿ ಗಡ್ಡೆಯ ಹಾಗೆ ಕಾಣುವುದನ್ನು ಹೆಚ್ಚಿ ತಿನ್ನುತ್ತಾರೆ. ಅದು ನೆಲದೊಳಗಿನ ಗಡ್ಡೆ ಅಲ್ಲ. ಎಲೆಯ ಬುಡಗಳೇ ದಪ್ಪವಾಗಿ ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಈರುಳ್ಳಿಯನ್ನು ನೆಲದ ಮೇಲೆ ಕೂರಿಸಿದ ಹಾಗೆ.

ಈ ಜಾತಿ ಬಹಳ ನಾಜೂಕು. ಸೆಕೆ ತಾಗಿದರೆ, ನೀರು ತಪ್ಪಿದರೆ, ದಿನದ ಬೆಳಕು ಉದ್ದವಾದರೆ ಗಡ್ಡೆ ಕಟ್ಟುವುದನ್ನು ಬಿಟ್ಟು ಸೀದಾ ಹೂದಂಟು ಎತ್ತುತ್ತದೆ. ಆಮೇಲೆ ಬುಡ ನಾರುನಾರು. ಘಟ್ಟದ ಮೇಲೆ ನವೆಂಬರ್ ಮೊದಲ ವಾರದಲ್ಲೇ ಬಿತ್ತಿದರೆ ಸಣ್ಣ ಗಡ್ಡೆ ಸಿಗುತ್ತದೆ. ಕರಾವಳಿಯಲ್ಲಿ ಇದಕ್ಕೆ ದುಡ್ಡು ಹಾಕಬೇಡಿ.

ಡಬ್ಬಿಯ ಕಾಳು ಹುಟ್ಟುತ್ತದೆಯೇ?

ಹುಟ್ಟಬಹುದು. ಯಾವ ಕಾಳು ಅನ್ನುವುದರ ಮೇಲೆ ಹೋಗುತ್ತದೆ.

ಹುರಿದ ಕಾಳು ಸತ್ತ ಕಾಳು. ಸಕ್ಕರೆ ಹಚ್ಚಿದ ಬಣ್ಣದ ಕಾಳೂ ಬೇಡ. ಲಖನವಿ ಎಂದು ಮಾರುವ ತೆಳ್ಳನೆಯ ಹಸಿರು ಕಾಳು ಜಗಿಯಲು ಬಲು ರುಚಿ, ಆದರೆ ಅದನ್ನು ಎಳೆಯದಾಗಿರುವಾಗಲೇ ಕೊಯ್ದಿರುತ್ತಾರೆ. ಒಳಗಿನ ಮೊಳಕೆ ಪೂರ್ತಿ ಬಲಿತಿರುವುದಿಲ್ಲ. ಮಸಾಲೆಗೆ ಬಳಸುವ ದಪ್ಪನೆಯ, ಸ್ವಲ್ಪ ಹಳದಿಗೆ ತಿರುಗಿದ ಕಾಳು ಒಳ್ಳೆಯದು.

ಇನ್ನೊಂದು ವಿಷಯ ನಮ್ಮ ಹವೆಗೆ ಸೇರಿದ್ದು. ಕಾಳು ಜೀವಂತ ವಸ್ತು. ಒಣಗಿದ್ದಾಗ ಅದು ನಿದ್ದೆಯಲ್ಲಿರುತ್ತದೆ. ಮಳೆಗಾಲದ ತೇವ ಹೀರಿದರೆ ಅರೆ ಎಚ್ಚರವಾಗಿ, ಕೂಡಿಟ್ಟ ಶಕ್ತಿಯನ್ನು ಸುಮ್ನೆ ಖರ್ಚು ಮಾಡುತ್ತದೆ. ಒಂದು ಮಳೆಗಾಲ ಸಡಿಲ ಮುಚ್ಚಳದ ಡಬ್ಬಿಯಲ್ಲಿ ಕಳೆದ ಕಾಳಿನಲ್ಲಿ ಹಲವು ಹುಟ್ಟದೇ ಹೋಗುವುದು ಇದಕ್ಕೆ. ಬಿತ್ತುವ ಮುಂಚೆ ಪರೀಕ್ಷೆ ಮಾಡಿ. 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪು ಜಾಗದಲ್ಲಿಡಿ. ಬಟ್ಟೆ ಒಣಗಲು ಬಿಡಬೇಡಿ. 12 ದಿನದೊಳಗೆ 12 ಕಾಳಾದರೂ ಮೊಳೆತರೆ ಧೈರ್ಯವಾಗಿ ಬಿತ್ತಿ. ಐದಾರು ಮಾತ್ರ ಮೊಳೆತರೆ ಹೊಸ ಕಾಳು ತನ್ನಿ.

ಬೀಜಕ್ಕೆಂದೇ ತರುವುದಾದರೆ ಗುಜರಾತ್ ಫೆನಲ್, ಅಜ್ಮೇರ್ ಫೆನಲ್ ಎಂಬ ಹೆಸರಿನ ತಳಿಗಳಿವೆ. ಜೀರಿಗೆ, ಬಡೇಸೋಪು, ಓಂಕಾಳಿನಂಥ ಬೆಳೆಗಳ ಸಂಶೋಧನೆಗೆ ರಾಜಸ್ಥಾನದ ಅಜ್ಮೇರಿನಲ್ಲಿ ಒಂದು ರಾಷ್ಟ್ರೀಯ ಕೇಂದ್ರವೇ ಇದೆ.

ಮಣ್ಣು: ನಮ್ಮ ಕೆಂಪು ಮಣ್ಣಿಗೆ ಏನು ಕಮ್ಮಿ?

ಕೊತ್ತಂಬರಿ ಸೊಪ್ಪು ನಮ್ಮ ಹಿತ್ತಲಲ್ಲಿ ಬಯಲುಸೀಮೆಯ ಹಾಗೆ ಏಕೆ ಬರುವುದಿಲ್ಲ ಎಂದು ನೀವೂ ಯೋಚಿಸಿರಬಹುದು. ಬಡೇಸೋಪಿಗೂ ಅದೇ ತೊಂದರೆ. ಕಾರಣ ಮಣ್ಣಿನ ಹುಳಿ.

ಒಂದೇ ಚಾಪುಡಿಗೆ ಮತ್ತೆ ಮತ್ತೆ ಬಿಸಿನೀರು ಹೊಯ್ದರೆ ಏನಾಗುತ್ತದೆ? ಸಾರವೆಲ್ಲ ಇಳಿದುಹೋಗಿ ಬರೀ ಚರಟ ಉಳಿಯುತ್ತದೆ. ಸಾವಿರಾರು ವರ್ಷಗಳಿಂದ ಬೀಳುತ್ತಿರುವ ಮಳೆ ನಮ್ಮ ಮಣ್ಣಿಗೂ ಹಾಗೇ ಮಾಡಿದೆ. ಸುಣ್ಣದ ಅಂಶ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ನೀರಲ್ಲಿ ಕರಗಿ ಹೊಳೆ ಸೇರಿವೆ. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಚಿರೇಕಲ್ಲಿನ ಕೆಂಪು ಎಂದರೆ ಆ ಕಬ್ಬಿಣದ ತುಕ್ಕಿನ ಬಣ್ಣ. ಸುಣ್ಣ ಹೋದ ಮಣ್ಣು ಹುಳಿಯಾಗುತ್ತದೆ.

ಹುಳಿಯನ್ನು ಅಳೆಯಲು ಪಿಎಚ್ ಎಂಬ ಅಳತೆ ಇದೆ. 7 ಎಂದರೆ ಸಮ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಇಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಅಂದರೆ 5 ಇರುವ ಮಣ್ಣು 6 ಇರುವ ಮಣ್ಣಿಗಿಂತ ಹತ್ತು ಪಟ್ಟು ಹುಳಿ. ಚಿರೇಕಲ್ಲಿನ ಮಣ್ಣು ಸಾಮಾನ್ಯವಾಗಿ 5ರಿಂದ 6ರ ನಡುವೆ ಇರುತ್ತದೆ. ಬಡೇಸೋಪಿಗೆ 6.5ರಿಂದ ಮೇಲೆ ಬೇಕು. ಬಹಳ ಹುಳಿ ಇದ್ದ ಕಡೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ಗೊಬ್ಬರ ಹಾಕಿದರೂ ಗಿಡ ಕುಳ್ಳಗೇ ಉಳಿಯುತ್ತದೆ.

ಪರಿಹಾರ ನಮ್ಮ ಕೈಯಳತೆಯಲ್ಲೇ ಇದೆ. ಅಘನಾಶಿನಿ, ಕಾಳಿ ಹೊಳೆಗಳು ಸಮುದ್ರ ಸೇರುವಲ್ಲಿ ಸಿಗುವ ಚಿಪ್ಪಿನಿಂದ ಮಾಡುವ ಸುಣ್ಣ ಆದೀತು, ಒಲೆಬೂದಿಯೂ ಆದೀತು. ಒಂದು ಚದರ ಮೀಟರ್ ಮಡಿಗೆ ಎರಡು ಹಿಡಿ ಸುಣ್ಣದ ಪುಡಿ ಸಾಕು. ಬಿತ್ತುವ ಎರಡು ವಾರ ಮೊದಲು ಹಾಕಿ ಒಂದು ಗೇಣು ಆಳಕ್ಕೆ ಕಲಸಿ, ನೀರು ಚಿಮುಕಿಸಿ ಬಿಡಿ. ಸಗಣಿ ಗೊಬ್ಬರವನ್ನು ಸುಣ್ಣದ ಜೊತೆಗೇ ಹಾಕಬೇಡಿ. ಎರಡೂ ಸೇರಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಮೂಗಿಗೆ ಘಾಟು ಬಂದರೆ ನಿಮ್ಮ ಗೊಬ್ಬರ ಹೋಗುತ್ತಿದೆ ಎಂದೇ ಅರ್ಥ. ಮೊದಲು ಸುಣ್ಣ, ಎರಡು ವಾರ ಬಿಟ್ಟು ಚೆನ್ನಾಗಿ ಕಳಿತ ಗೊಬ್ಬರ. ಮಣ್ಣಿನ ಪಿಎಚ್ ಸರಿಯಾಗಿ ತಿಳಿಯಬೇಕೆಂದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಸಮುದ್ರದ ಅಂಚಿನ ಮರಳು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಅದು ಒಳ್ಳೆಯದೇ. ಗೊಬ್ಬರವೂ ನಿಲ್ಲುವುದಿಲ್ಲ. ಅಲ್ಲಿ ಗೊಬ್ಬರವನ್ನು ಒಂದೇ ಸಲ ಹಾಕದೆ ತಿಂಗಳಿಗೊಮ್ಮೆ ಒಂದು ಹಿಡಿಯಂತೆ ಕೊಡಿ. ಕುಂಡಕ್ಕೆ ಮರಳು ಬೇಕಾದರೆ ಕಡಲ ದಂಡೆಯದನ್ನು ತರಬೇಡಿ. ಅದರಲ್ಲಿ ಉಪ್ಪು ಇರುತ್ತದೆ.

ಬಿತ್ತನೆ, ಮತ್ತು ಬೇರಿನ ಹಟ

ಕಾಳನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ ಮೇಲೆ ತೆಳ್ಳಗೆ ಪುಡಿಮಣ್ಣು ಉದುರಿಸಿ. ಹುಟ್ಟಲು 8ರಿಂದ 14 ದಿನ ಬೇಕು. ಹರಿವೆಯ ಹಾಗೆ ನಾಲ್ಕು ದಿನಕ್ಕೆ ಬರುವುದಿಲ್ಲ, ಅವಸರ ಪಟ್ಟು ಕೆದಕಬೇಡಿ. ಮಣ್ಣು 15ರಿಂದ 20 ಡಿಗ್ರಿ ಇದ್ದಾಗ ಮೊಳಕೆ ಚೆನ್ನ. ಬಿಸಿಲು ಜೋರಿದ್ದರೆ ಮಡಿಯ ಮೇಲೆ ತೆಂಗಿನ ಗರಿ ಹಾಸಿಡಿ, ಮೊಳಕೆ ಕಂಡ ದಿನವೇ ತೆಗೆದುಬಿಡಿ.

ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದು ಅಡಿ ಬೇಕು. ಒತ್ತಾಗಿ ಹುಟ್ಟಿದ್ದನ್ನು ಕಿತ್ತು ಸಾರಿಗೆ ಹಾಕಿ. ಇಲ್ಲಿ ಹೆಚ್ಚಿನವರ ಮನಸ್ಸು ಒಪ್ಪುವುದಿಲ್ಲ. ಹುಟ್ಟಿದ ಗಿಡ ಕೀಳುವುದು ಪಾಪ ಅನ್ನಿಸುತ್ತದೆ. ಆದರೆ ಒತ್ತಿನ ಗಿಡಗಳು ಒಂದರ ಊಟ ಒಂದು ಕಿತ್ತುಕೊಂಡು ಎಲ್ಲವೂ ಸಣಕಲಾಗುತ್ತವೆ, ಗಾಳಿಯಾಡದೆ ಬೂದಿರೋಗಕ್ಕೂ ದಾರಿಯಾಗುತ್ತದೆ.

ಕಿತ್ತ ಸಸಿಯನ್ನು ಬೇರೆ ಕಡೆ ನೆಟ್ಟರಾಗದೇ? ಇದರ ಬೇರು ಗಜ್ಜರಿಯ ಹಾಗೆ ಒಂದೇ ಒಂದು, ನೆಟ್ಟಗೆ ಕೆಳಗೆ ಇಳಿಯುತ್ತದೆ. ಕೀಳುವಾಗ ತುದಿ ತುಂಡಾದರೆ ಗಿಡ ಗಾಬರಿಗೊಂಡು ಕುಳ್ಳಗಿರುವಾಗಲೇ ಹೂ ಬಿಟ್ಟುಬಿಡುತ್ತದೆ. ಗುಜರಾತಿನಲ್ಲಿ ಸಸಿ ಮಾಡಿ ನಾಟಿ ಮಾಡುವ ಪದ್ಧತಿಯೂ ಇದೆ, ಆದರೆ ಅದು ಪಳಗಿದ ಕೈಯ ಕೆಲಸ. ಸಸಿ ಮಾಡಲೇಬೇಕೆಂದರೆ ಅಡಿಕೆ ಹಾಳೆಯನ್ನು ಕೊಳವೆಯ ಹಾಗೆ ಸುತ್ತಿ, ದಾರ ಕಟ್ಟಿ, ಮಣ್ಣು ತುಂಬಿ ಅದರಲ್ಲಿ ಬಿತ್ತಿ. ನೆಡುವಾಗ ಹಾಳೆಯ ಸಮೇತ ಇಳಿಸಿದರೆ ಬೇರಿಗೆ ತಿಳಿಯುವುದೇ ಇಲ್ಲ. ಹಾಳೆ ನೆಲದಲ್ಲೇ ಕಳಿಯುತ್ತದೆ.

ಕಾರವಾರದ ಫ್ಲ್ಯಾಟಿನವರಿಗೆ ಕುಂಡ ಸಾಕು. ಒಂದು ಅಡಿಗಿಂತ ಆಳ ಇರಬೇಕು. 20 ಲೀಟರಿನ ಹಳೆ ಬಣ್ಣದ ಬಕೆಟ್ಟಿಗೆ ತಳದಲ್ಲಿ ಏಳೆಂಟು ತೂತು ಹಾಕಿದರೆ ಎರಡು ಗಿಡ ಆರಾಮಾಗಿ ಇರುತ್ತವೆ. ಎರಡು ಪಾಲು ಮಣ್ಣು, ಒಂದು ಪಾಲು ಹೊಳೆ ಮರಳು, ಒಂದು ಪಾಲು ಗೊಬ್ಬರ. ಬಡೇಸೋಪಿಗೆ ಬೇರೆಯೇ ಕುಂಡ ಕೊಡುವುದು ಒಳ್ಳೆಯದು. ಅದರ ರಸ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಬಿಸಿಲು, ನೀರು, ಕಡಲಗಾಳಿ

ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಶಿರಸಿಯ ಕಡೆ ಇದೇ ಕಷ್ಟ. ತೋಟದಲ್ಲಿ ನೆರಳು. ಮನೆಯಲ್ಲಿ ಒಳ್ಳೆ ಬಿಸಿಲು ಬೀಳುವ ಜಾಗ ಎಂದರೆ ಅಂಗಳ, ಅದೇ ಹೊತ್ತಿಗೆ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ನಾವು ಅಂಗಳದ ದಕ್ಷಿಣದ ಅಂಚಿನಲ್ಲಿ ಒಂದೇ ಸಾಲು ಹಾಕುತ್ತೇವೆ. ಎಲೆ ತೆಳ್ಳಗಿರುವುದರಿಂದ ಅಡಿಕೆಗೆ ಹೇಳಿಕೊಳ್ಳುವಂಥ ನೆರಳಾಗುವುದಿಲ್ಲ. ಕರಾವಳಿಯವರು ಪಶ್ಚಿಮಕ್ಕೆ ತೆಂಗಿನ ಮರ ಇರುವ ಜಾಗ ಆರಿಸಿಕೊಂಡರೆ ಫೆಬ್ರವರಿಯ ಮಧ್ಯಾಹ್ನದ ಉರಿ ತಪ್ಪುತ್ತದೆ.

ನೀರಿಗೆ ಬೆರಳೇ ಅಳತೆಗೋಲು. ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ. ತೇವ ತಾಗಿದರೆ ಇವತ್ತು ಬೇಡ. ನೆಲದಲ್ಲಿ ವಾರಕ್ಕೆ ಎರಡು ಸಲ, ಕುಂಡದಲ್ಲಿ ದಿನ ಬಿಟ್ಟು ದಿನ ಸಾಕಾಗುತ್ತದೆ. ಬುಡಕ್ಕೆ ಹೊಯ್ಯಿರಿ, ತಲೆಗೆ ಬೇಡ. ಬುಡದ ಸುತ್ತ ಒಣ ದರಕು (ಉದುರಿದ ಎಲೆ) ಹಾಸಿದರೆ ತೇವ ಉಳಿಯುತ್ತದೆ, ದಂಟಿಗೆ ಮಾತ್ರ ತಾಗಿಸಬೇಡಿ. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಬೇಸಿಗೆ ಏರಿದಂತೆ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ. ನಾಲಿಗೆಗೆ ಉಪ್ಪು ತಿಳಿದರೆ ಆ ನೀರು ಗಿಡಕ್ಕೆ ಬೇಡ.

ಗಿಡ ಐದಾರು ಅಡಿ ಬೆಳೆಯುತ್ತದೆ, ದಂಟು ಒಳಗೆ ಟೊಳ್ಳು. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿಗೆ ಸುಲಭವಾಗಿ ವಾಲುತ್ತದೆ. ಎರಡು ಅಡಿ ಆಗುತ್ತಿದ್ದಂತೆ ಅಡಿಕೆ ದಬ್ಬೆ ಊರಿ ಬಾಳೆ ನಾರಿನಲ್ಲಿ ಸಡಿಲವಾಗಿ ಕಟ್ಟಿ.

ಹೇನು ಮತ್ತು ಬೂದಿ

ಮಾವಿನ ಹೂವಿಗೆ ಜಿಗಿಹುಳ ಹತ್ತುವ ಮೋಡದ ದಿನಗಳಿರುತ್ತವಲ್ಲ, ಆಗಲೇ ಬಡೇಸೋಪಿನ ಎಳೆ ತುದಿಗೆ ಹಸಿರು ಹೇನು ಮುತ್ತುತ್ತದೆ. ಎಲೆ ಅಂಟಂಟಾಗುತ್ತದೆ, ಇರುವೆ ಸಾಲು ಹತ್ತುತ್ತದೆ. ಮೊದಲು ಬರೀ ನೀರು ರಭಸವಾಗಿ ಹೊಡೆದು ತೊಳೆಯಿರಿ. ಬಿದ್ದ ಹೇನು ಮತ್ತೆ ಹತ್ತಿ ಬರುವುದು ಕಡಿಮೆ. ಮೂರು ದಿನ ಬಿಟ್ಟೂ ಇದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ನಾಲ್ಕು ಹನಿ ಸೋಪಿನ ನೀರು. ಸಂಜೆ ಸಿಂಪಡಿಸಿ. ಹೂ ಅರಳಿದ ಮೇಲೆ ಸಿಂಪಡಿಸಬೇಡಿ. ಕೆಂಪು ಬೆನ್ನಿನ, ಕಪ್ಪು ಚುಕ್ಕೆಯ ಸಣ್ಣ ದುಂಡು ಹುಳ ಕಂಡರೆ ಅದನ್ನು ಬಿಡಿ. ಅದೂ ಅದರ ಮರಿಗಳೂ ಹೇನು ತಿಂದೇ ಬದುಕುತ್ತವೆ.

ಎಲೆ ದಂಟಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಕಂಡರೆ ಬೂದಿರೋಗ. ಹತ್ತಿದ ಎಲೆ ಕತ್ತರಿಸಿ ಸುಟ್ಟುಹಾಕಿ. ಬೆಳಗಿನ ಬಿಸಿಲು ಬೇಗ ಬೀಳುವ ಜಾಗದಲ್ಲಿ ಇಬ್ಬನಿ ಬೇಗ ಆರುತ್ತದೆ, ರೋಗವೂ ಕಡಿಮೆ.

ಹೂವು, ಜೇನು, ಕಾಳು

ಇದು ನನಗೆ ಬಹಳ ಇಷ್ಟವಾದ ಭಾಗ. ದಂಟಿನ ತುದಿಯಲ್ಲಿ ಒಂದು ದೊಡ್ಡ ಕೊಡೆ. ಅದರ ಪ್ರತಿ ಕಡ್ಡಿಯ ತುದಿಯಲ್ಲೂ ಒಂದು ಪುಟ್ಟ ಕೊಡೆ. ಆ ಪುಟ್ಟ ಕೊಡೆಯ ತುಂಬ ಸಾಸಿವೆ ಗಾತ್ರದ ಹಳದಿ ಹೂವು. ಹೂವಿನಲ್ಲಿ ಮೊದಲು ಪರಾಗ ಉದುರುತ್ತದೆ. ಅದು ಮುಗಿದ ಮೇಲೆ ಹೆಣ್ಣು ಭಾಗ ಬಲಿಯುತ್ತದೆ. ಹಾಗಾಗಿ ಒಂದು ಹೂವಿಗೆ ತನ್ನದೇ ಪರಾಗ ಉಪಯೋಗಕ್ಕೆ ಬರುವುದು ಕಷ್ಟ. ಪಕ್ಕದ ಹೂವಿನಿಂದ, ಪಕ್ಕದ ಗಿಡದಿಂದ ಯಾರಾದರೂ ತಂದುಕೊಡಬೇಕು. ತುಡುವೆ, ಮಿಸರಿ ಜೇನು ಆ ಕೆಲಸ ಮಾಡುತ್ತವೆ. ಒಂಟಿ ಗಿಡ ಹಾಕಿದವರಿಗೆ ಕಾಳು ಕಡಿಮೆ ಆಗುವುದಕ್ಕೆ ಇದೂ ಒಂದು ಕಾರಣ. ನಾಲ್ಕೈದು ಗಿಡ ಒಟ್ಟಿಗೆ ಇರಲಿ. ಮನೆ ಪಕ್ಕ ಜೇನುಪೆಟ್ಟಿಗೆ ಇದ್ದವರು ಭಾಗ್ಯವಂತರು.

ನಾವು ಕಾಳು, ಬೀಜ ಎಂದು ಕರೆಯುವುದು ನಿಜವಾಗಿ ಒಣಗಿದ ಪುಟ್ಟ ಹಣ್ಣು. ಹಣ್ಣು ಮಾಗಿದಾಗ ಎರಡು ಹೋಳಾಗುತ್ತದೆ. ಒಂದೊಂದು ಹೋಳಿನ ಬೆನ್ನಿಗೂ ಐದು ಗೀರು. ಗೀರುಗಳ ನಡುವಿನ ಸಿಪ್ಪೆಯೊಳಗೆ ಕೂದಲಿನಷ್ಟು ಸಣ್ಣ ಕೊಳವೆಗಳಿವೆ, ಪರಿಮಳದ ಎಣ್ಣೆ ಇರುವುದು ಅವುಗಳಲ್ಲಿ. ಜಗಿದಾಗ, ಕುಟ್ಟಿದಾಗ ಕೊಳವೆ ಒಡೆಯುತ್ತದೆ. ಕುಟ್ಟಿ ಇಟ್ಟ ಪುಡಿಯ ವಾಸನೆ ಬೇಗ ಹೋಗುವುದೂ ಇದಕ್ಕೇ. ಕಷಾಯದ ಪುಡಿ ಮಾಡುವವರು ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದರಲ್ಲಿ ಅರ್ಥ ಇದೆ.

ಎಲ್ಲ ಕೊಡೆ ಒಟ್ಟಿಗೆ ಮಾಗುವುದಿಲ್ಲ. ನಡುವಿನದು ಮೊದಲು, ಪಕ್ಕದ ಕವಲಿನವು ಆಮೇಲೆ. ಹತ್ತು ದಿನಕ್ಕೊಮ್ಮೆ ನೋಡಿ, ನಾಲ್ಕೈದು ಸಲವಾಗಿ ಕೊಯ್ಯಬೇಕು. ಜಗಿಯುವುದಕ್ಕೆ ಬೇಕಾದರೆ ಕಾಳು ಇನ್ನೂ ಹಸಿರಾಗಿ ಅರ್ಧ ಬೆಳೆದಾಗ. ಅಡುಗೆಗೆ ಬೇಕಾದರೆ ತುಂಬಿಕೊಂಡು ಹಸಿರು ಹಳದಿಗೆ ತಿರುಗುವಾಗ. ಬಿತ್ತನೆಗೆ ಬೇಕಾದರೆ ಪೂರ್ತಿ ಹಳದಿಯಾದ ಮೇಲೆ. ಉದುರುವವರೆಗೆ ಕಾಯಬೇಡಿ.

ಎಷ್ಟು ಸಿಗುತ್ತದೆ? ನೀರಾವರಿ ಹೊಲದಲ್ಲಿ ಹೆಕ್ಟೇರಿಗೆ 15ರಿಂದ 20 ಕ್ವಿಂಟಲ್ ಬರುತ್ತದೆ. ಎರಡು ಅಡಿಯ ಸಾಲಿನಲ್ಲಿ 20 ಸೆಂಟಿಮೀಟರಿಗೊಂದು ಗಿಡ ಎಂದು ಭಾಗಿಸಿದರೆ ಒಂದು ಗಿಡಕ್ಕೆ ಸುಮಾರು 20 ಗ್ರಾಂ. ಹತ್ತು ಗಿಡಕ್ಕೆ 200 ಗ್ರಾಂ. ಅದೂ ಒಳ್ಳೆ ಹವೆಯಲ್ಲಿ. ನಮ್ಮಲ್ಲಿ ಅದರ ಅರ್ಧ ಬಂದರೂ ಸಂತೋಷ ಪಡಿ.

ಕೊಯ್ದ ಕೊಡೆಗಳನ್ನು ಬಿಸಿಲಿಗೆ ಹಾಕಬೇಡಿ. ಬಿಸಿಲಿಗೆ ಹಸಿರು ಬಣ್ಣ ಹೋಗುತ್ತದೆ, ಎಣ್ಣೆಯೂ ಹಾರುತ್ತದೆ. ಬಟ್ಟೆ ಹಾಸಿ ಗಾಳಿಯಾಡುವ ನೆರಳಲ್ಲಿ ಎಂಟು ಹತ್ತು ದಿನ ಹರಡಿ. ಹಲ್ಲಲ್ಲಿ ಕಡಿದಾಗ ಕಟ್ ಎಂದು ಮುರಿದರೆ ಒಣಗಿದೆ, ಬಾಗಿದರೆ ಇಲ್ಲ. ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿಮಾಡಿ. ಬಿತ್ತನೆಯ ಕಾಳಿಗೆ ಬೇರೆ ಪುಟ್ಟ ಬಾಟಲಿ ಇಡಿ, ಮಳೆಗಾಲ ಮುಗಿಯುವವರೆಗೆ ತೆರೆಯಬೇಡಿ.

ಎಲೆಯನ್ನು ಏನು ಮಾಡುವುದು?

ಬಿತ್ತಿ ಎರಡು ತಿಂಗಳಾದ ಮೇಲೆ ಹೊರಗಿನ ಎಲೆಗಳನ್ನು ಕೊಯ್ಯಬಹುದು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಒಮ್ಮೆಗೆ ಬೇಡ, ನಡುವಿನ ಸುಳಿ ಮುಟ್ಟಬೇಡಿ. ಒಂದು ಹಿಡಿ ಎಲೆಯನ್ನು ಜೀರಿಗೆ, ಎರಡು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಸೆಕೆಯ ಮಧ್ಯಾಹ್ನ ಅನ್ನಕ್ಕೆ ಹೇಳಿಮಾಡಿಸಿದ್ದು. ದೋಸೆ ಹಿಟ್ಟಿಗೆ ಸಣ್ಣಗೆ ಹೆಚ್ಚಿ ಹಾಕಬಹುದು. ಇದರ ತವರಿನವರು ಮೀನಿನ ಜೊತೆ ಈ ಎಲೆ ಬಳಸುತ್ತಾರೆ. ಕಾರವಾರದ ಅಡುಗೆಮನೆಗಳಲ್ಲಿ ಮೀನು ಹುರಿಯುವಾಗ ಮೇಲೆ ಸ್ವಲ್ಪ ಉದುರಿಸಿ ನೋಡಿ. ಊಟದಲ್ಲಿ ತಿನ್ನುವ ಎಲೆ, ಕಾಳಿಗೂ ಪೇಟೆಯಲ್ಲಿ ಸಿಗುವ ಬಡೇಸೋಪಿನ ಎಣ್ಣೆಗೂ ಬಹಳ ಅಂತರ ಇದೆ. ಎಣ್ಣೆ ತುಂಬ ಕಟುವಾದದ್ದು. ಬಸುರಿಯರು, ಮಕ್ಕಳು ವೈದ್ಯರನ್ನು ಕೇಳದೆ ಎಣ್ಣೆಯನ್ನು ಸೇವಿಸಬಾರದು.

ಮಳೆ ಬಂದಾಗ

ತಂಪು ದೇಶಗಳಲ್ಲಿ ಬಡೇಸೋಪು ಒಂದೇ ಬೇರಿನಿಂದ ಹಲವು ವರ್ಷ ಚಿಗುರುತ್ತದೆ. ನಮ್ಮಲ್ಲಿ ನೆಲದ ಗಿಡ ಮಳೆಗಾಲ ದಾಟುವುದಿಲ್ಲ. ಕುಂಡದ್ದಾದರೆ ಒಂದು ಪ್ರಯತ್ನ ಮಾಡಬಹುದು. ಮೇ ಕೊನೆಗೆ ದಂಟನ್ನು ಒಂದು ಗೇಣು ಬಿಟ್ಟು ಕತ್ತರಿಸಿ ಕುಂಡವನ್ನು ಮಾಡಿನ ಕೆಳಗೆ, ಇರಿಚಲು ಹೊಡೆಯದ ಕಡೆ ಎಳೆದಿಡಿ. ಹತ್ತು ದಿನಕ್ಕೊಮ್ಮೆ ಒಂದು ಲೋಟ ನೀರು ಸಾಕು. ನಮ್ಮಲ್ಲಿ ಮೂರು ಕುಂಡದಲ್ಲಿ ಒಂದು ಉಳಿಯಿತು, ಚೌತಿಯ ಹೊತ್ತಿಗೆ ಬುಡದಿಂದ ಎಳೆ ಹಸಿರು ಚಿಗುರು ಬಂತು. ಉಳಿದೆರಡು ಕುಂಡದ ಮಣ್ಣನ್ನು ಒಣಗಿಸಿ, ಸುಣ್ಣ ಬೆರೆಸಿ, ದೀಪಾವಳಿಗೆ ಬಾಟಲಿಯ ಕಾಳು ತೆಗೆದು ಮತ್ತೆ ಬಿತ್ತಿದೆವು.